ಕಬ್ಬಿಣಕ್ಕೂ ಉಂಟು ಬಂಡಿ ಮತ್ತು ಕಣಜ!



ಕಬ್ಬಿಣ ಎಂದೊಡನೆ ನಿಮಗೆ ಮೊಳೆ, ಕುಡುಗೋಲು, ನೇಗಿಲ ಗುಳ ನೆನಪಾಗುತ್ತವೆ ಅಲ್ಲವೇ? ನಮ್ಮ ದೇಹದಲ್ಲೂ ಕಬ್ಬಿಣವಿದೆ. ದೊಡ್ಡವರ ದೇಹದಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟುಗೂಡಿಸಿದರೆ 3ರಿಂದ 4 ಗ್ರಾಂ ಆಗಬಹುದು. ಒಂದು ಸಣ್ಣ ಮೊಳೆಗೆ ಸಾಕಾಗುವಷ್ಟು! ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಇರುವುದು ರಕ್ತದ ಹೀಮೋಗ್ಲೋಬಿನ್‌ನಲ್ಲಿ. ಒಂದು ಹೀಮೋಗ್ಲೋಬಿನ್ ಅಣುವಿನಲ್ಲಿ 4 ಕಬ್ಬಿಣದ ಪರಮಾಣುಗಳಿವೆ. ನಾವು ಉಸಿರಾಡಿದ ಆಮ್ಲಜನಕವು ಇವುಗಳಿಗೆ ಅಂಟಿಕೊಂಡು ದೇಹದ ಎಲ್ಲ ಭಾಗಗಳನ್ನು ತಲುಪುತ್ತದೆ.

ಬಿಡಿ ಕಬ್ಬಿಣ ಅಪಾಯ

ಇಷ್ಟು ಉಪಯುಕ್ತವಾದರೂ ಕಬ್ಬಿಣವನ್ನು ದೇಹವು ಬಿಡಿಯಾಗಿ ಓಡಾಡಲು ಬಿಡುವುದಿಲ್ಲ. ಏಕೆ ಗೊತ್ತೇ? ಬಿಡಿ ಕಬ್ಬಿಣವು ಜೀವಕೋಶಗಳನ್ನು ಹಾಳುಮಾಡುವ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುತ್ತದೆ. ಅಲ್ಲದೆ ರೋಗ ತರುವ ಎಷ್ಟೋ ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಆದ್ದರಿಂದ ದೇಹವು ಕಬ್ಬಿಣವನ್ನು ಸದಾ ಪ್ರೋಟೀನುಗಳ ವಶದಲ್ಲೇ ಇಡುತ್ತದೆ.

ಸಾಗಿಸುವ ಬಂಡಿ

ಆಹಾರದ ಕಬ್ಬಿಣವನ್ನು ಸಣ್ಣ ಕರುಳಿನ ಮೊದಲ ಭಾಗ ಹೀರಿಕೊಳ್ಳುತ್ತದೆ. ರಕ್ತಕ್ಕೆ ಬಂದೊಡನೆ ಅದನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಹಿಡಿದುಕೊಳ್ಳುತ್ತದೆ. ಇದು ಎರಡೇ ಆಸನಗಳ ಬಂಡಿ. ಒಂದು ಸಲಕ್ಕೆ ಹೆಚ್ಚೆಂದರೆ 2 ಕಬ್ಬಿಣದ ಪರಮಾಣುಗಳನ್ನು ಸಾಗಿಸಬಲ್ಲದು. ಈ ಬಂಡಿ ಹೆಚ್ಚಾಗಿ ಹೋಗುವುದು ಮೂಳೆಯೊಳಗಿನ ಅಸ್ಥಿಮಜ್ಜೆಗೆ. ಕೆಂಪು ರಕ್ತಕಣಗಳು ತಯಾರಾಗುವುದು ಅಲ್ಲೇ.

ಕೂಡಿಡುವ ಕಣಜ

ಉಳಿದ ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನು ಕೂಡಿಡುತ್ತದೆ. 1937ರಲ್ಲಿ ಚೆಕೊಸ್ಲೊವಾಕಿಯದ ವಿಜ್ಞಾನಿ ವಿಲೆಮ್ ಲಾಫ್‌ಬರ್ಗರ್ ಇದನ್ನು ಕುದುರೆಯ ಗುಲ್ಮದಿಂದ ಬೇರ್ಪಡಿಸಿದರು. 24 ತುಂಡುಗಳು ಸೇರಿ ಆದ ಟೊಳ್ಳು ಚೆಂಡಿನಂತಿರುವ ಒಂದು ಫೆರಿಟಿನ್‌ನೊಳಗೆ ಸುಮಾರು 4500 ಕಬ್ಬಿಣದ ಪರಮಾಣುಗಳು ಹಿಡಿಯುತ್ತವೆ! ಯಕೃತ್ತಿನಲ್ಲಿ ಇಂಥ ಕಣಜಗಳು ಹೇರಳ.

ಹಳೆಯ ಕಬ್ಬಿಣವೂ ವ್ಯರ್ಥವಾಗುವುದಿಲ್ಲ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳು ಗುಲ್ಮ ಮತ್ತು ಯಕೃತ್ತಿನಲ್ಲಿ ಒಡೆಯುತ್ತವೆ. ಅದರ ಕಬ್ಬಿಣ ಮತ್ತೆ ಬಂಡಿ ಏರುತ್ತದೆ.

ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹದಲ್ಲಿ ಬೇರೆ ದಾರಿಯಿಲ್ಲ. ಹಾಗಾಗಿ ಬಾಗಿಲಲ್ಲೇ ಕಾವಲು! ಕಣಜ ತುಂಬಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸಿ, ಕರುಳಿನಿಂದ ಬರುವ ಕಬ್ಬಿಣವನ್ನು ತಡೆಯುತ್ತದೆ.

ಮೊದಲು ಬರಿದಾಗುವುದು ಕಣಜ

ಈಗ ಒಂದು ಮುಖ್ಯ ವಿಷಯ. ಮಳೆ ಕೈಕೊಟ್ಟ ವರ್ಷವೂ ಕಣಜದಲ್ಲಿ ರಾಗಿ ಇರುವವರೆಗೆ ಮನೆಯಲ್ಲಿ ಮುದ್ದೆ ಬೇಯುತ್ತದೆ. ಕೊರತೆ ಹೊರಗಿನವರಿಗೆ ತಿಳಿಯುವುದೇ ಇಲ್ಲ. ದೇಹದಲ್ಲೂ ಹಾಗೆಯೇ. ಊಟದಲ್ಲಿ ಕಬ್ಬಿಣ ಕಡಿಮೆಯಾದಾಗ ಮೊದಲು ಫೆರಿಟಿನ್ ಬರಿದಾಗುತ್ತದೆ, ಹೀಮೋಗ್ಲೋಬಿನ್ ಇಳಿಯುವುದು ಅನಂತರ. ಆಗ ಸುಸ್ತು, ಏದುಸಿರು ಕಾಣಿಸುತ್ತವೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಇದೇ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಪ್ರತಿ 100 ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಇತ್ತು.

ಬೆಳೆಯುವ ವಯಸ್ಸು, ಹುಡುಗಿಯರಲ್ಲಿ ಮುಟ್ಟು, ರಕ್ತ ಹೀರುವ ಕೊಕ್ಕೆಹುಳು – ಇವೆಲ್ಲ ಕಣಜವನ್ನು ಬರಿದು ಮಾಡಬಲ್ಲವು. “ನಾನು ಚೆನ್ನಾಗಿದ್ದೇನೆ, ನನಗೇಕೆ ಮಾತ್ರೆ?” ಎನ್ನಬೇಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಕಣಜ ಬರಿದಾಗದಂತೆ ಕಾಯುತ್ತದೆ. ಅದನ್ನು ಊಟದ ನಂತರವೇ ನುಂಗಿರಿ. ಮಲ ಕಪ್ಪಗಾದರೆ ಹೆದರಬೇಡಿ. ಆದರೆ ಕೊಟ್ಟದ್ದಕ್ಕಿಂತ ಹೆಚ್ಚು ಎಂದೂ ನುಂಗಬಾರದು. ಅತಿಯಾದ ಕಬ್ಬಿಣ ವಿಷವಾಗುತ್ತದೆ. ಮನೆಯ ಚಿಕ್ಕ ಮಕ್ಕಳ ಕೈಗೂ ಮಾತ್ರೆ ಸಿಗದಿರಲಿ.

ಸೊಪ್ಪು, ಹುರುಳಿ, ಎಳ್ಳು, ರಾಗಿ ತಿನ್ನಿ. ಜೊತೆಗೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದೊಡನೆ ಚಹಾ ಬೇಡ, ಅದು ಹೀರಿಕೆಗೆ ಅಡ್ಡಿ.

ಆಡಿ ನೋಡಿ

ಒಂದು ಡಬ್ಬಿಯಲ್ಲಿ 20 ಹುಣಸೆ ಬೀಜ ಹಾಕಿ. ಇದು ಫೆರಿಟಿನ್. ಇನ್ನಷ್ಟು ಬೀಜ ಹಿಡಿದ ಒಬ್ಬರು ‘ಕರುಳು’, ಇನ್ನೊಬ್ಬರು ‘ಅಸ್ಥಿಮಜ್ಜೆ’, ಮತ್ತೊಬ್ಬರು ‘ಟ್ರಾನ್ಸ್‌ಫೆರಿನ್’ ಆಗಿ. ಪ್ರತಿ ಚಪ್ಪಾಳೆಗೂ ಅಸ್ಥಿಮಜ್ಜೆಗೆ 2 ಬೀಜ ಬೇಕು. ಕರುಳು ಕೊಡುವುದು 1 ಮಾತ್ರ. ಟ್ರಾನ್ಸ್‌ಫೆರಿನ್ ಉಳಿದ 1 ಬೀಜವನ್ನು ಡಬ್ಬಿಯಿಂದ ತೆಗೆದು, ಎರಡನ್ನೂ ತಲುಪಿಸಲಿ.

1. ಅಸ್ಥಿಮಜ್ಜೆಗೆ ಕೊರತೆ ತಿಳಿದದ್ದು ಎಷ್ಟನೆಯ ಚಪ್ಪಾಳೆಗೆ?
2. 15ನೆಯ ಚಪ್ಪಾಳೆಯಲ್ಲಿ ಅಸ್ಥಿಮಜ್ಜೆಯನ್ನಷ್ಟೇ ನೋಡಿದವರು ಏನೆಂದುಕೊಳ್ಳುತ್ತಿದ್ದರು?
3. ಕರುಳು 2 ಬೀಜ ಕೊಟ್ಟಿದ್ದರೆ ಡಬ್ಬಿ ಏನಾಗುತ್ತಿತ್ತು?

ತರಗತಿಯಲ್ಲಿ ಚರ್ಚಿಸಿ.