ಮೈದಾನದ ಅಂಚಿನ ಕೆಲಸಕ್ಕೆ ಓದು: ಶಿರಸಿ ತಾಲೂಕಿನ ವಾನಳ್ಳಿಯಿಂದ ಹೊರಡುವವರಿಗೆ

ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಶುರುವಾಗುತ್ತದೆ. ಮೈಕು, ಟ್ರೋಫಿ, ಸನ್ಮಾನದ ಶಾಲು ಎಲ್ಲ ಸಿದ್ಧ. ಮೊಣಕಾಲು ತಿರುಚಿ ಬಿದ್ದ ಹುಡುಗನಿಗೆ ಮಾತ್ರ ಒಂದಿಷ್ಟು ಸ್ಪ್ರೇ, ಜೊತೆಗೆ ‘ಎಂತೂ ಆಜಿಲ್ಲೆ, ಏಳು ಮಾರಾಯ’ ಎಂಬ ಧೈರ್ಯ.

ಅವನು ಮತ್ತೆ ಅಂಕಣಕ್ಕೆ ಇಳಿಯಬಹುದೇ, ಆಸ್ಪತ್ರೆಗೆ ಹೋಗಬೇಕೇ ಎಂದು ಅಲ್ಲೇ ನೋಡಿ ಹೇಳುವುದಕ್ಕೆ ಓದಿದವರು ಬೇಕು. ಅಮೆರಿಕದಲ್ಲಿ ಇವರು ಅಥ್ಲೆಟಿಕ್ ಟ್ರೇನರ್. ಜಿಮ್‌ನಲ್ಲಿ ಭಾರ ಎತ್ತಿಸುವವರಲ್ಲ. ಗಾಯವಾಗದಂತೆ ನೋಡಿಕೊಳ್ಳುವುದು, ಆದಾಗ ತುರ್ತು ಆರೈಕೆ, ಆಮೇಲೆ ಚೇತರಿಕೆ ಇವರ ಕೆಲಸ. ಅಲ್ಲಿನ ವೈದ್ಯಕೀಯ ಸಂಘ 1990ರಲ್ಲೇ ಇದನ್ನು ಆರೋಗ್ಯ ವೃತ್ತಿಯೆಂದು ಮಾನ್ಯ ಮಾಡಿದೆ. ನಮ್ಮಲ್ಲಿ ಹೆಚ್ಚುಕಡಿಮೆ ಇದೇ ಕೆಲಸ ಸ್ಪೋರ್ಟ್ಸ್ ಫಿಸಿಯೊಥೆರಪಿಸ್ಟ್‌ಗಳದ್ದು. ಹಾಗಾಗಿ ನಮ್ಮ ಕಡೆಯ ಮಕ್ಕಳಿಗೆ ನಾನು ಹೇಳುವ ದಾರಿ ಫಿಸಿಯೊಥೆರಪಿಯಿಂದಲೇ ಶುರು. ಅಮೆರಿಕದ ಮಾತು ಆಮೇಲೆ.

ಪಿಯುಸಿಯಲ್ಲೇ ತೀರ್ಮಾನ

ಮೊದಲ ಹೆಜ್ಜೆ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು. ಕಾಮರ್ಸ್ ತೆಗೆದುಕೊಂಡು ಆಮೇಲೆ ಈ ಕಡೆ ಹೊರಳಲು ಬರುವುದಿಲ್ಲ. ಎರಡನೆಯದು ಬಿಪಿಟಿ, ಅಂದರೆ ಫಿಸಿಯೊಥೆರಪಿ ಪದವಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಇದು ನಾಲ್ಕೂವರೆ ವರ್ಷದ ಓದಾಗಿತ್ತು. 2025ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಒಟ್ಟು 5 ವರ್ಷ ಮಾಡಿದೆ. ಪ್ರವೇಶದ ನಿಯಮಗಳೂ ಬದಲಾಗುತ್ತಿವೆ. ಕಳೆದ ವರ್ಷ ಸೇರಿದವರ ಮಾತು ನಂಬಿ ಕೂರಬೇಡಿ, ಆಯಾ ವರ್ಷದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರಕಟಣೆಯನ್ನೇ ಓದಿ. ಶಿರಸಿಯಿಂದ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿ-ಧಾರವಾಡದಲ್ಲಿ ಎಸ್‌ಡಿಎಂ, ಬೆಳಗಾವಿಯಲ್ಲಿ ಕೆಎಲ್‌ಇ, ಘಟ್ಟದ ಕೆಳಗೆ ಮಣಿಪಾಲ ಇವೆ. ಶುಲ್ಕದಲ್ಲಿ ಅಜಗಜಾಂತರ, ಅದನ್ನು ಮೊದಲೇ ವಿಚಾರಿಸಿ.

ಮೈದಾನವೂ ಪಾಠವೇ

ಬಿಪಿಟಿ ಓದುತ್ತಲೇ ಆಟಗಾರರ ನಡುವೆ ಇರಬೇಕು. ಈ ನೆಲದಲ್ಲಿ ಆಟಗಾರರಿಗೇನೂ ಬರವಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರ (ಸಾಯ್) 1980ರ ದಶಕದ ಕೊನೆಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಹುಡುಕಿ ತರಬೇತಿಗೆ ಕರೆದೊಯ್ದದ್ದು ಯಲ್ಲಾಪುರ, ಹಳಿಯಾಳದ ಕಾಡಿನ ಹಾಡಿಗಳಿಂದ. ಆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು ಎನ್ನುವುದು ಬೇರೆ ಕಥೆ.

ರಜೆಯಲ್ಲಿ ಊರಿಗೆ ಬಂದಾಗ ತಾಲೂಕು ಕ್ರೀಡಾಕೂಟದಲ್ಲಿ ಫಿಸಿಯೊ ಅಥವಾ ವೈದ್ಯರ ಜೊತೆ ನಿಲ್ಲಿ. ಪಾದಕ್ಕೆ ಟೇಪ್ ಸುತ್ತುವುದು, ಮೂಳೆ ಮುರಿದದ್ದೋ ಉಳುಕಿದ್ದೋ ಎಂದು ಗುರುತಿಸುವುದು, ತಲೆಗೆ ಪೆಟ್ಟು ಬಿದ್ದವನನ್ನು ಆಟದಿಂದ ಹೊರಗಿಡುವುದು ಇಂಥ ಕಡೆಯೇ ಕೈಗೆ ಹತ್ತುವ ವಿದ್ಯೆ. ನಿಂತ ದಿನ, ಗಂಟೆ ಬರೆದಿಟ್ಟು ಸಹಿ ಹಾಕಿಸಿಕೊಳ್ಳಿ. ಯಕ್ಷಗಾನದವರನ್ನೂ ಮರೆಯಬೇಡಿ. ಮಂಡಿ ಕುಣಿತ ಕುಣಿದು ಕುಣಿದು ಮೊಣಕಾಲು ಸವೆಸಿಕೊಂಡವರು ಕ್ರೀಡಾಪಟುಗಳಿಗೆ ಯಾವುದರಲ್ಲಿ ಕಮ್ಮಿ? ಅಮೆರಿಕದಲ್ಲಿ ಅಥ್ಲೆಟಿಕ್ ಟ್ರೇನರ್‌ಗಳು ನೃತ್ಯ ತಂಡ, ಸೇನೆ, ಕಾರ್ಖಾನೆಗಳಲ್ಲೂ ಕೆಲಸ ಮಾಡುತ್ತಾರೆ. ಆ ಕಣ್ಣಿನಿಂದ ನೋಡಿದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡರ ಭುಜವೂ ಈ ವೃತ್ತಿಯ ವಿಷಯವೇ.

ಇಲ್ಲೋ, ಅಲ್ಲೋ?

ಇಲ್ಲೇ ಮುಂದುವರಿಯುವವರಿಗೆ ಫಿಸಿಯೊಥೆರಪಿಯಲ್ಲೇ ಎರಡು ವರ್ಷದ ಸ್ನಾತಕೋತ್ತರ ಪದವಿ, ಎಂಪಿಟಿ ಇದೆ. ಕ್ರೀಡಾ ವಿಭಾಗವನ್ನು ಆಯ್ದುಕೊಳ್ಳಬೇಕು. ಓದು ಮುಗಿದ ಮೇಲೆ ಬೆಂಗಳೂರಿನ ಸಾಯ್ ಕೇಂದ್ರ, ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರ, ಬಳ್ಳಾರಿ ಸೀಮೆಯ ವಿಜಯನಗರದ ಇನ್‌ಸ್ಪೈರ್ ಸಂಸ್ಥೆಯಂಥ ಕಡೆ ಕೆಲಸಕ್ಕೆ ಪ್ರಯತ್ನಿಸಬಹುದು.

ಅಮೆರಿಕದ್ದು ಉದ್ದದ ದಾರಿ. ಅಲ್ಲಿ ಮೊದಲು ಪದವಿ ಮಟ್ಟದಲ್ಲೇ ಈ ಓದಿತ್ತು. ಸ್ನಾತಕೋತ್ತರಕ್ಕೆ ಏರಿಸುವ ನಿರ್ಧಾರ 2015ರಲ್ಲಿ ಆಯಿತು, 2022ರ ನಂತರ ಪದವಿ ಕೋರ್ಸಿಗೆ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ. ಈಗ ಸಿಎಎಟಿಇ ಎಂಬ ಮಂಡಳಿ ಮಾನ್ಯ ಮಾಡಿದ, ಸಾಮಾನ್ಯವಾಗಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಮುಗಿಸಿದ ಮೇಲೆ ಬಿಒಸಿ ಎಂಬ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ. ನಮ್ಮ ಬಿಪಿಟಿಯನ್ನು ಮಾತ್ರ ತೋರಿಸಿ ಆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ.

ಅರ್ಜಿ ಹಾಕುವ ಮೊದಲೇ ವಿಶ್ವವಿದ್ಯಾಲಯಕ್ಕೆ ಮೇಲ್ ಬರೆದು ಎರಡು ಸಂಗತಿ ಕೇಳಿ. ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಕಾಲೇಜು ಮಟ್ಟದಲ್ಲಿ ಓದಿರಬೇಕೆಂಬ ಷರತ್ತು ಹಲವು ಕಡೆ ಇದೆ. ಪಿಯುಸಿಯಲ್ಲಿ ಓದಿದ್ದು ಅವರ ಲೆಕ್ಕಕ್ಕೆ ಬರದಿದ್ದರೆ ಅವನ್ನು ಮತ್ತೆ ಓದಬೇಕಾದೀತು. ಪ್ರಮಾಣಪತ್ರ ಪಡೆದ ಅಥ್ಲೆಟಿಕ್ ಟ್ರೇನರ್ ಜೊತೆ ಇಷ್ಟು ಗಂಟೆ ನಿಂತಿರಬೇಕು ಎಂದೂ ಕೆಲವರು ಕೇಳುತ್ತಾರೆ. ಶಿರಸಿಯಲ್ಲಿ ಅಂಥವರನ್ನು ಎಲ್ಲಿಂದ ತರುವುದು? ಕ್ರೀಡಾಕೂಟಗಳಲ್ಲಿ ನಿಂತ ದಿನ, ಗಂಟೆ ಬರೆದು ಫಿಸಿಯೊ ಸಹಿ ಹಾಕಿಸಿದ ನಿಮ್ಮ ಪುಸ್ತಕ ನಡೆಯುತ್ತದೆಯೇ ಎಂದು ವಿಚಾರಿಸಿ. ಅಂಕಪಟ್ಟಿಯ ಜೊತೆ ಪಠ್ಯಕ್ರಮದ ಪ್ರತಿಯನ್ನೂ ಮೊದಲೇ ತರಿಸಿಟ್ಟುಕೊಳ್ಳಿ.

ಇನ್ನು ದುಡ್ಡು. ಶುಲ್ಕ, ಊಟ, ವಸತಿ ಸೇರಿದರೆ ಹಲವು ಹತ್ತು ಲಕ್ಷ. ತೋಟದ ಪಹಣಿ ಇಟ್ಟರೆ ಸಾಲ ಸಿಗುತ್ತದೆಂದು ಮನೆಯಲ್ಲಿ ಲೆಕ್ಕ ಹಾಕಿರುತ್ತಾರೆ. ಆದರೆ ಸಾಲ ತೀರದಿದ್ದರೆ ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ ತೋಟವನ್ನು ಅಡಮಾನಕ್ಕೆ ಒಪ್ಪಲು ಅನೇಕ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಪ್ರವೇಶಪತ್ರ ಬರುವ ಮೊದಲೇ ಬ್ಯಾಂಕಿಗೆ ಹೋಗಿ ಬನ್ನಿ.

ಬಿಒಸಿ ಪರೀಕ್ಷೆ ಪಾಸಾದರೂ ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲಿ ಕೆಲಸಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಪ್ರಮಾಣಪತ್ರ ಉಳಿಸಿಕೊಳ್ಳಲು ನಿರಂತರ ಕಲಿಕೆಯ ಅಂಕಗಳನ್ನು ಕಾಲಕಾಲಕ್ಕೆ ಒಪ್ಪಿಸುತ್ತಿರಬೇಕು. ಊರಿಗೆ ಮರಳಿದರೆ ಆ ಪ್ರಮಾಣಪತ್ರ ಇಲ್ಲಿನ ಫಿಸಿಯೊಥೆರಪಿ ನೋಂದಣಿಗೆ ಬದಲಿಯಾಗುವುದಿಲ್ಲ. ಬಿಪಿಟಿ ಬಿಟ್ಟು ಬರೀ ಬಿಎಸ್ಸಿ ಮಾಡಿ ಅಮೆರಿಕಕ್ಕೆ ಹೋಗುವ ಯೋಚನೆಯಿದ್ದರೆ ಇದೊಂದನ್ನು ಮನೆಯವರೆದುರು ಇಟ್ಟೇ ಮಾತಾಡಿ. ಮೂರು ತಿಂಗಳ ಆನ್‌ಲೈನ್ ‘ಸ್ಪೋರ್ಟ್ಸ್ ಇಂಜುರಿ’ ಸರ್ಟಿಫಿಕೇಟ್‌ಗಳಂತೂ ಎರಡೂ ದೇಶಗಳಲ್ಲಿ ಈ ವೃತ್ತಿಗೆ ಅರ್ಹತೆ ಕೊಡುವುದಿಲ್ಲ.