ಹಣ್ಣಿನ ಪಾನಕಕ್ಕೆ ನಿಂಬೆ ಉಪ್ಪು: ಎಷ್ಟು ಸುರಕ್ಷಿತ, ಕಾನೂನು ಏನು ಹೇಳುತ್ತದೆ?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಅನೇಕ ಸದಸ್ಯ ಬಾಂಧವರ ಮನೆಗಳಲ್ಲಿ ಅಡಿಕೆಯ ಜೊತೆಗೆ ಅನಾನಸ್, ಮುರುಗಲು, ಮಾವಿನ ಮಿಡಿಗಳಿಂದಲೂ ನಾಲ್ಕು ಕಾಸು ಕಾಣುವ ಪ್ರಯತ್ನ ನಡೆದಿದೆ. 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗೊತ್ತುಪಡಿಸಿದ ಬೆಳೆಯೂ ಅನಾನಸ್ಸೇ. ಈ ಹಣ್ಣಿನ ಸ್ಕ್ವಾಷ್, ಜಾಮ್ ತಯಾರಿಸುವವರು ಬಳಸುವ ಬಿಳಿ ಹರಳಿನ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಅದು ವಿಷವೆಂದು ಮುಟ್ಟದವರು ಕೆಲವರು. ನಿಂಬೆಯ ಉಪ್ಪೇ ತಾನೇ ಎಂದು ಅಳತೆಯಿಲ್ಲದೆ ಸುರಿಯುವವರು ಕೆಲವರು. ಎರಡೂ ಸರಿಯಲ್ಲ.

ಅಂಗಡಿಯವರು ನಿಂಬೆ ಉಪ್ಪು ಎಂದು ಕೊಡುವ ಈ ಪದಾರ್ಥದ ನಿಜವಾದ ಹೆಸರು ಸಿಟ್ರಿಕ್ ಆಮ್ಲ. ಇದು ಉಪ್ಪಲ್ಲ, ಹುಳಿ. 1784ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಶಾಸ್ತ್ರಜ್ಞನು ನಿಂಬೆಯ ರಸದಿಂದ ಇದನ್ನು ಹರಳಾಗಿ ಬೇರ್ಪಡಿಸಿದನು. ಆದರೆ ಇಂದು ಮಾರುಕಟ್ಟೆಗೆ ಬರುವ ಹರಳು ನಿಂಬೆಹಣ್ಣಿನಿಂದ ಬಂದದ್ದಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿ ಅಥವಾ ಜೋಳದ ಪಿಷ್ಟದಿಂದ ಪಡೆದ ಸಕ್ಕರೆಯ ಮೇಲೆ ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟನ್ನು ಬೆಳೆಸಿ, ಅದು ಉತ್ಪತ್ತಿ ಮಾಡುವ ಹುಳಿಯನ್ನು ಶುದ್ಧಗೊಳಿಸುತ್ತಾರೆ. ಕಾರ್ಖಾನೆಗಳಲ್ಲಿ ಈ ವಿಧಾನ 1919ರಿಂದ ನಡೆದು ಬಂದಿದೆ. ಬೂಷ್ಟಿನ ಹೆಸರು ಕೇಳಿ ಹೇಸಬೇಕಾಗಿಲ್ಲ. ಸೋಸಿ, ಹರಳುಗಟ್ಟಿಸಿದ ಮೇಲೆ ಉಳಿಯುವುದು ನಿಂಬೆಯಲ್ಲಿರುವ ಅದೇ ಆಮ್ಲ.

ನಿಂಬೆಯ ರಸದಲ್ಲಿ ಇದು ಸುಮಾರು ಶೇಕಡಾ 5ರಷ್ಟು ಇರುತ್ತದೆ. ಅನಾನಸ್ಸಿನ ಹುಳಿಯಲ್ಲಿಯೂ ಮುಖ್ಯವಾದದ್ದು ಇದೇ. ನಮ್ಮ ಶರೀರದ ಜೀವಕೋಶಗಳೂ ಆಹಾರದಿಂದ ಶಕ್ತಿ ಪಡೆಯುವಾಗ ಇದನ್ನು ತಯಾರಿಸಿ ಕರಗಿಸುತ್ತಲೇ ಇರುತ್ತವೆ. ಈ ಚಕ್ರವನ್ನು 1937ರಲ್ಲಿ ವಿವರಿಸಿದ ಹಾನ್ಸ್ ಕ್ರೆಬ್ಸ್‌ಗೆ 1953ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಈ ಹೆಸರೇ ಒಂದು ಅಪವಾದಕ್ಕೂ ಕಾರಣವಾಯಿತೆನ್ನುತ್ತಾರೆ. 1976ರ ಸುಮಾರಿನಿಂದ ಫ್ರಾನ್ಸಿನಲ್ಲಿ ಒಂದು ಕರಪತ್ರ ಕೈಯಿಂದ ಕೈಗೆ ಹರಡಿ, ಸಿಟ್ರಿಕ್ ಆಮ್ಲವು ಎಲ್ಲಕ್ಕಿಂತ ಅಪಾಯದ ಕ್ಯಾನ್ಸರ್‌ಕಾರಕವೆಂದು ಸಾರಿತು. ಕರಪತ್ರದಲ್ಲಿ ಹೆಸರಿಸಿದ್ದ ಆಸ್ಪತ್ರೆಯು ಅದು ತನ್ನದಲ್ಲವೆಂದು ನಿರಾಕರಿಸಿತು. ಜರ್ಮನ್ ಭಾಷೆಯಲ್ಲಿ ‘ಕ್ರೆಬ್ಸ್’ ಎಂದರೆ ಕ್ಯಾನ್ಸರ್ ಎಂಬ ಅರ್ಥವೂ ಇರುವುದರಿಂದ ಯಾರೋ ತಪ್ಪಾಗಿ ತಿಳಿದಿರಬೇಕು. ಸುಳ್ಳು ಸುದ್ದಿಗೆ ಮೊಬೈಲ್ ಫೋನೇ ಬೇಕೆಂದಿಲ್ಲ!

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು 1973ರಲ್ಲಿ ಇದನ್ನು ಪರಿಶೀಲಿಸಿ, ದಿನಕ್ಕೆ ಇಂತಿಷ್ಟೇ ಎಂಬ ಮಿತಿಯ ಅಗತ್ಯವಿಲ್ಲವೆಂದು ತೀರ್ಮಾನಿಸಿತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಸಂಖ್ಯೆ 330.

ನಮ್ಮ ದೇಶದಲ್ಲಿ ಮೊದಲು 1954ರ ಆಹಾರ ಕಲಬೆರಕೆ ತಡೆ ಕಾಯಿದೆ, 1955ರ ಹಣ್ಣಿನ ಉತ್ಪನ್ನಗಳ ಆದೇಶ ಇವು ಇದ್ದವು. ಅವುಗಳ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದು, ಅದರ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದೂ ಇದೇ ಕಾಯಿದೆಯ ಬಲದಿಂದ. ಆದ್ದರಿಂದ ಅಡಿಕೆ ಬೆಳೆಗಾರರಿಗೆ ಇದು ಅಪರಿಚಿತವಲ್ಲ.

ಸೇರಿಸುವ ಪದಾರ್ಥಗಳನ್ನು ಕಾನೂನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಸ್ಕ್ವಾಷ್ ಕೆಡದಂತೆ ಹಾಕುವ ಬೆಂಜೋಯೇಟ್, ಮೆಟಾಬೈಸಲ್ಫೈಟ್‌ಗಳಿಗೆ ಹತ್ತು ಲಕ್ಷ ಭಾಗಕ್ಕೆ ಇಷ್ಟು ಎಂಬ ಕಟ್ಟುನಿಟ್ಟಿನ ಮಿತಿಯಿದೆ. ಸಿಟ್ರಿಕ್ ಆಮ್ಲಕ್ಕೆ ಸಾಮಾನ್ಯವಾಗಿ ‘ಉತ್ತಮ ತಯಾರಿಕಾ ಕ್ರಮಕ್ಕೆ ಬೇಕಾದಷ್ಟು’ ಎಂಬ ಸೂತ್ರ ಅನ್ವಯಿಸುತ್ತದೆ. ಬೇಕಾದಷ್ಟು ಎಂದರೆ ಮನಸ್ಸಿಗೆ ಬಂದಷ್ಟು ಅಲ್ಲ. ರುಚಿಗೂ ಬಾಳಿಕೆಗೂ ಅವಶ್ಯವಾದ ಕನಿಷ್ಠ ಪ್ರಮಾಣ. ಅಲ್ಲದೆ ಸ್ಕ್ವಾಷ್‌ನಲ್ಲಿ ಶೇಕಡಾ 25ಕ್ಕೆ ಕಡಿಮೆಯಿಲ್ಲದಷ್ಟು ಹಣ್ಣಿನ ರಸ ಇರಲೇಬೇಕೆಂಬ ನಿಯಮವನ್ನು ಮರೆಯಕೂಡದು. ರಸ ಕಡಿಮೆ ಮಾಡಿ, ನೀರು ಸಕ್ಕರೆಗೆ ಹುಳಿ ಬೆರೆಸಿ ಅನಾನಸ್ಸಿನ ಹೆಸರು ಹಚ್ಚುವುದು ಗ್ರಾಹಕನಿಗೆ ಮಾಡುವ ಮೋಸ, ಅನಾನಸ್ ಬೆಳೆದವನ ಹೊಟ್ಟೆಯ ಮೇಲೂ ಹೊಡೆತ.

ಚೆನ್ನಾಗಿ ಕಳಿತ ಅನಾನಸ್ಸಿನ ಒಂದು ಲೀಟರು ರಸಕ್ಕೆ, ಒಂದು ಲೀಟರು ನೀರು ಮತ್ತು ಒಂದೂಮುಕ್ಕಾಲು ಕಿಲೋ ಸಕ್ಕರೆಯ ಪಾಕ ಸೇರಿಸುವುದಾದರೆ, 20ರಿಂದ 25 ಗ್ರಾಂ ಸಿಟ್ರಿಕ್ ಆಮ್ಲ ಸಾಕು. ಕಣ್ಣಂದಾಜು ಬೇಡ, ತಕ್ಕಡಿಯಲ್ಲಿ ತೂಗಿರಿ. ಮುರುಗಲಿನ ಪಾನಕಕ್ಕೆ ಇದನ್ನು ಹಾಕುವುದು ನಮ್ಮ ದೃಷ್ಟಿಯಲ್ಲಿ ದಂಡ. ಅದಕ್ಕೆ ತನ್ನದೇ ಹುಳಿ ಧಾರಾಳವಾಗಿದೆ. ಪಾತ್ರೆ ಸ್ಟೀಲಿನದೇ ಆಗಿರಲಿ. ಅಡಿಕೆ ಬೇಯಿಸುವ ತಾಮ್ರದ ಹಂಡೆ ಖಾಲಿಯಿದೆಯೆಂದು ಅದರಲ್ಲಿ ಪಾನಕ ಕುದಿಸಿದರೆ ಹುಳಿಯು ಲೋಹವನ್ನು ಕರಗಿಸಿಕೊಳ್ಳುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂಗಳಿಗೂ ಇದೇ ಮಾತು. ಹರಳಿನ ಪುಡಿ ಕಣ್ಣಿಗೆ ಹಾರಿದರೆ ಉರಿಯುತ್ತದೆ. ಹುಳಿಪಾನಕವನ್ನು ಮಕ್ಕಳು ದಿನವಿಡೀ ಹೀರುತ್ತಿದ್ದರೆ ಹಲ್ಲಿನ ಹೊಳಪು ಸವೆಯುತ್ತದೆ.

ನಿಜವಾದ ಅಪಾಯವಿರುವುದು ಹೆಸರಿಲ್ಲದ ಪೊಟ್ಟಣದಲ್ಲಿ. ತುಕ್ಕು, ಕಲೆ ತೆಗೆಯಲು ಮಾರುವ ಆಕ್ಸಾಲಿಕ್ ಆಮ್ಲವೂ ಇಂಥದೇ ಬಿಳಿ ಹರಳು. ಅದು ಕೆಲವೇ ಗ್ರಾಂ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಪ್ರಾಣಕ್ಕೆ ಕುತ್ತು ಬರಬಹುದು. ಪಾತ್ರೆ, ಬಾಯ್ಲರ್ ತೊಳೆಯಲೆಂದು ಮಾರುವ ಸಿಟ್ರಿಕ್ ಆಮ್ಲವೂ ಆಹಾರಕ್ಕೆ ಸಲ್ಲದು. ಆಹಾರ ದರ್ಜೆಯದೆಂದು ಮುದ್ರಿಸಿದ, ತಯಾರಕರ ಹೆಸರು, ತಂಡದ ಸಂಖ್ಯೆ, 14 ಅಂಕಿಯ ಪರವಾನಗಿ ಸಂಖ್ಯೆ ಇರುವ ಪೊಟ್ಟಣವನ್ನೇ ಕೊಳ್ಳಿರಿ.

ಅನುಮಾನ ಬಂದಾಗ ಕವಳದ ಸುಣ್ಣವೇ ಉಪಯೋಗಕ್ಕೆ ಬರುತ್ತದೆ. ಸ್ವಲ್ಪ ಸುಣ್ಣವನ್ನು ನೀರಿನಲ್ಲಿ ಕದಡಿ, ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಅರ್ಧ ಲೋಟ ಬಗ್ಗಿಸಿಕೊಳ್ಳಿರಿ. ಒಂದು ಚಿಟಿಕೆ ಹರಳನ್ನು ನಾಲ್ಕು ಚಮಚ ನೀರಿನಲ್ಲಿ ಕರಗಿಸಿ, ಹತ್ತು ಹನಿಯನ್ನು ಆ ತಣ್ಣನೆಯ ತಿಳಿಗೆ ಹಾಕಿರಿ. ಸಿಟ್ರಿಕ್ ಆಮ್ಲವಾದರೆ ತಿಳಿ ಹಾಗೆಯೇ ಉಳಿಯುತ್ತದೆ. ಆಕ್ಸಾಲಿಕ್ ಆದರೆ ಕೂಡಲೇ ಹಾಲಿನಂತೆ ಕದಡುತ್ತದೆ; ಟಾರ್ಟಾರಿಕ್ ಆಮ್ಲವೂ ಕದಡಬಹುದು. ಕದಡಿದ ಮಾಲನ್ನು ಆಹಾರಕ್ಕೆ ಬಳಸಲೇಕೂಡದು. ಕದಡದಿದ್ದ ಮಾತ್ರಕ್ಕೆ ಅದು ಶುದ್ಧವೆಂದು ಅರ್ಥವಲ್ಲ. ಇದು ತಿರಸ್ಕರಿಸುವುದಕ್ಕೆ ಮಾತ್ರ ಇರುವ ಪರೀಕ್ಷೆ. ಈ ಲೋಟವನ್ನು ಕುಡಿಯಲು ಬಳಸಬೇಡಿರಿ, ಹರಳಿನ ರುಚಿ ನೋಡುವುದಂತೂ ಬೇಡವೇ ಬೇಡ.

ಮಾರಾಟಕ್ಕೆ ಇಡುವವರು ಸಣ್ಣ ಪ್ರಮಾಣದವರಾದರೂ ನೋಂದಣಿ ಮಾಡಿಸಿ, ಸಂಖ್ಯೆಯನ್ನು ಚೀಟಿಯ ಮೇಲೆ ಹಾಕಬೇಕು. ಪದಾರ್ಥಗಳ ಪಟ್ಟಿಯಲ್ಲಿ ‘ಆಮ್ಲತೆ ನಿಯಂತ್ರಕ, ಐಎನ್‌ಎಸ್ 330’ ಎಂಬುದನ್ನೂ ನಮೂದಿಸಬೇಕು. ಇದನ್ನು ಮುಚ್ಚಿಡುವ ಕಾರಣವಿಲ್ಲ. ಚೊಗರು ಹಾಕಿದ ಅಡಿಕೆಯನ್ನು ಚೊಗರು ಹಾಕಿದ್ದೆಂದೇ ನಾವು ಮಾರುತ್ತೇವಲ್ಲವೇ? ಉಳಿದ ಹರಳನ್ನು ಗಾಳಿಯಾಡದ ಗಾಜಿನ ಬಾಟಲಿಯಲ್ಲಿ ಹೆಸರು ಬರೆದಿಟ್ಟು, ಔಷಧಿ ಸಿಂಪಡಣೆಯ ಸಾಮಾನಿರುವ ಕೋಣೆಯಿಂದ ದೂರವಿಡತಕ್ಕದ್ದು.