ಕತ್ತಲೆ ಕವಿದ ಛಾಯಾಚಿತ್ರವನ್ನು ತಿದ್ದುವ ಬಗೆ

ಕಿಟಕಿಗೆ ಬೆನ್ನು ಮಾಡಿ ಕುಳಿತ ಅಜ್ಜಿಯ ಚಿತ್ರವನ್ನು ಮೊಮ್ಮಗನು ತನ್ನ ಫೋನಿನಲ್ಲಿ ತೆಗೆದನೆಂದು ಭಾವಿಸೋಣ. ಹೊರಗಿನ ಆಕಾಶವು ಚೆನ್ನಾಗಿ ಮೂಡಿದೆ. ಅಜ್ಜಿಯ ಮುಖ ಮಾತ್ರ ಕಪ್ಪಾಗಿದೆ. ಇಂಥ ಚಿತ್ರವನ್ನು ತಂತ್ರಾಂಶದಿಂದ ತಿದ್ದಬಹುದೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ. ಆದರೆ ಅಲ್ಲಿ ನಡೆಯುವ ಕ್ರಿಯೆ ಯಾವುದು, ಅದರ ಎಲ್ಲೆ ಯಾವುದು ಎಂಬುದನ್ನು ವಿಚಾರಿಸುವವರು ವಿರಳ.

ಗಣಕಯಂತ್ರಕ್ಕೆ ಚಿತ್ರವೆಂದರೆ ಸಂಖ್ಯೆಗಳ ಒಂದು ಪಟ್ಟಿ. ಸಾಮಾನ್ಯವಾದ ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿಯೊಂದು ಬಿಂದುವಿಗೂ 0ಯಿಂದ 255ರ ವರೆಗಿನ ಒಂದು ಸಂಖ್ಯೆಯಿರುತ್ತದೆ. 0 ಕಡುಗಪ್ಪು, 255 ಅಚ್ಚ ಬಿಳುಪು. ನಮ್ಮ ಚಿತ್ರದಲ್ಲಿ ಮುಖದ ಸಂಖ್ಯೆ 16, ಆಕಾಶದ್ದು 220, ಅದರಲ್ಲಿ ತೇಲುವ ಮೋಡದ್ದು 240 ಆಗಿರಲಿ. ಎಲ್ಲಕ್ಕೂ 48ನ್ನು ಕೂಡಿಸಿದರೆ ಮುಖವು 64ಕ್ಕೆ ಏರುತ್ತದೆ. ಆದರೆ ಆಕಾಶ, ಮೋಡಗಳೆರಡೂ 255ನ್ನು ಮೀರಿ, ಅಲ್ಲಿಯೇ ತಡೆಯಲ್ಪಟ್ಟು, ಒಂದೇ ಬಿಳುಪಿನಲ್ಲಿ ಲೀನವಾಗುತ್ತವೆ. ಕಡುಗಪ್ಪಾಗಿದ್ದ ಎಡೆಗಳೂ 48ಕ್ಕೇರಿ, ಚಿತ್ರದ ಮೇಲೆಲ್ಲ ಬೂದಿ ಬಳಿದಂತೆ ಕಾಣುತ್ತದೆ.

ಇದಕ್ಕಿಂತ ಜಾಣತನದ ಮಾರ್ಗವೊಂದುಂಟು. ಪ್ರತಿ ಸಂಖ್ಯೆಯನ್ನೂ 255ರಿಂದ ಗುಣಿಸಿ ವರ್ಗಮೂಲವನ್ನು ತೆಗೆಯಿರಿ. 0 ಮತ್ತು 255 ಇದ್ದಲ್ಲಿಯೇ ಇರುತ್ತವೆ. 16 ಎಂಬುದು 64 ಆಗುತ್ತದೆ. 220 ಮತ್ತು 240 ಕ್ರಮವಾಗಿ 237 ಮತ್ತು 247 ಆಗುತ್ತವೆ. ಮುಖವೂ ಬೆಳಗಿತು, ಮೋಡವೂ ಉಳಿಯಿತು! ಗಿಂಪ್ ಮೊದಲಾದ ತಂತ್ರಾಂಶಗಳಲ್ಲಿ 'ಕರ್ವ್ಸ್' ಎಂಬ ಸಾಧನದ ಗೆರೆಯನ್ನು ನಡುವೆ ಹಿಡಿದು ಮೇಲಕ್ಕೆ ಬಾಗಿಸಿದಾಗ ಆಗುವುದು ಹೆಚ್ಚುಕಡಮೆ ಇದೇ. (ಬೆಳಕಿಗೂ ಫಿಲ್ಮಿನ ಕಪ್ಪಿಗೂ ಇರುವ ಸಂಬಂಧವನ್ನು ಇಂಥದೇ ವಕ್ರರೇಖೆಯಿಂದ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬವರು 1890ರಲ್ಲಿಯೇ ಪ್ರಕಟಿಸಿದ್ದರು.)

ಆದರೂ ಇದು ಸಂಜೀವಿನಿಯಲ್ಲ. ಇದೇ ಸೂತ್ರದಂತೆ 1 ಎಂಬುದು 16 ಆದರೆ, 2 ಎಂಬುದು 23 ಆಗುತ್ತದೆ. ನಡುವಿನ ಆರು ಛಾಯೆಗಳನ್ನು ತುಂಬಲು ಮೂಲದಲ್ಲಿ ಏನೂ ಇಲ್ಲ. ಆದುದರಿಂದ ಕೆನ್ನೆಯ ನಯವಾದ ನೆರಳು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. 'ರಾ' ಕಡತದಲ್ಲಿ ಸಾಮಾನ್ಯವಾಗಿ 4,096 ಅಥವಾ 16,384 ಹಂತಗಳಿರುವುದರಿಂದ, ತಿದ್ದಬೇಕಾದ ಚಿತ್ರಗಳನ್ನು ಆ ರೂಪದಲ್ಲಿ ತೆಗೆಯುವುದೇ ಲೇಸು.

ಇನ್ನೊಂದು ತೊಡಕು ಬೆಳಕಿನ ಸ್ವಭಾವದಲ್ಲಿಯೇ ಅಡಗಿದೆ. ಫೋಟಾನುಗಳು ಮಳೆಹನಿಗಳಂತೆ ಗೊತ್ತುಗುರಿಯಿಲ್ಲದೆ ಬೀಳುತ್ತವೆ. ಒಂದು ಬಿಂದುವಿನಲ್ಲಿ ಸರಾಸರಿ 10,000 ಬೀಳುವುದಾದರೆ, ಅದರ ಏರಿಳಿತವು ವರ್ಗಮೂಲದಷ್ಟು, ಎಂದರೆ ಸುಮಾರು 100. ಇದು ಶೇಕಡ 1 ಮಾತ್ರ. ನೆರಳಿನಲ್ಲಿ 100 ಮಾತ್ರ ಬಿದ್ದರೆ ಏರಿಳಿತವು 10, ಎಂದರೆ ಶೇಕಡ 10. ಮುಖವನ್ನು ಬೆಳಗಿಸಿದಾಗ ಈ ಏರಿಳಿತವೂ ಜೊತೆಯಲ್ಲಿಯೇ ಬೆಳಗಿ, ಕೆನ್ನೆಯ ಮೇಲೆ ರವೆ ಚೆಲ್ಲಿದಂತೆ ತೋರುತ್ತದೆ.

ಈಚಿನ ಕೆಲವು ತಂತ್ರಾಂಶಗಳು ಈ ರವೆಯನ್ನು ಒರೆಸಿ, ಇಲ್ಲದ ವಿವರಗಳನ್ನು ಊಹೆಯಿಂದ ತುಂಬುತ್ತವೆ. ಅಜ್ಜಿಯ ಚಿತ್ರದಲ್ಲಿ ಇದನ್ನು ಸಹಿಸಬಹುದೇನೋ. ಆದರೆ ಗುಡಿಯ ಕತ್ತಲೆಯಲ್ಲಿ ತೆಗೆದ ಶಿಲಾಶಾಸನದ ಚಿತ್ರದಲ್ಲಿ ಹೀಗೆ ಮೂಡಿದ ಅಕ್ಷರವು ಶಿಲ್ಪಿ ಕೆತ್ತಿದ್ದಲ್ಲ, ಯಂತ್ರ ಬರೆದದ್ದು. ಅಲ್ಲಿ ಪ್ರಾಮಾಣಿಕವಾದ ಉಪಾಯವೇ ಬೇರೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ, ಒಂದೇ ಬಗೆಯ 16 ಚಿತ್ರಗಳನ್ನು ತೆಗೆದು, ಬಿಂದುವಿಗೆ ಬಿಂದು ಸರಾಸರಿ ಕಟ್ಟಿದರೆ ಏರಿಳಿತವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಕಲ್ಲು ಅಷ್ಟು ಹೊತ್ತು ಕದಲದೆ ನಿಲ್ಲುತ್ತದೆ. ಅಜ್ಜಿಯನ್ನಾದರೋ ಕಿಟಕಿಯತ್ತ ಮುಖ ಮಾಡಿ ಕೂರುವಂತೆ ಕೇಳಿಕೊಳ್ಳುವುದೇ ಸುಲಭ.